ತವರಿನ ಕೊನೆಯ ಪಂದ್ಯ

ಮಾರ್ಚ್ 18

ಅಥವಾ ಅಪ್ಪ ಅದನ್ನು ಹೇಳಿರಲೇ ಇಲ್ಲವೋ ಏನೋ. “ಹೆತ್ತಿದ್ದು ಏಷ್ಯಾ, ಸಾಕ್ತಿರೋದು ಯುರೋಪು. ನಮ್ಮ ತಂಡ ಯಾರ ಮೇಲೆ ಅಂತ ಸಿಟ್ಟು ಮಾಡ್ಕೊಬೇಕು?” ಧಾಟಿಯೇನೋ ಅವನದೇ. ಆದರೆ ನೆನೆಸಿಕೊಂಡರೆ ಅವನ ಮುಖ ಬರುವುದಿಲ್ಲ. ಟಿ.ವಿ.ಯ ಹಸಿರು ಬೆಳಕು ಬಿದ್ದ ಗೋಡೆ ಬರುತ್ತದೆ, ಚಹಾದ ಬಟ್ಟಲು ಹಿಡಿದ ಒಂದು ಕೈ ಬರುತ್ತದೆ. ಬಸ್ಸಿನಲ್ಲಿ ಯಾರೋ ಅಪರಿಚಿತ ಹೇಳಿದ್ದನ್ನು ನಾನು ಅಪ್ಪನ ಬಾಯಿಗೆ ತುರುಕಿರಬಹುದು. ಸತ್ತವರು ಇಂಥದ್ದಕ್ಕೆ ತಕರಾರು ಮಾಡುವುದಿಲ್ಲ.

ಯುರೋಪ್ ಕಪ್ಪಿನ ಅರ್ಹತಾ ಸುತ್ತು ಈ ವಾರ ಶುರು. ಗುಂಪಿನಲ್ಲಿ ಸ್ವೀಡನ್, ಹಂಗೇರಿ, ಆಲ್ಬೇನಿಯಾ, ಲಕ್ಸೆಂಬರ್ಗ್, ಮತ್ತೆ ನಾವು, ಏಷ್ಯಾದಲ್ಲಿದ್ದೂ ಯುರೋಪಿನವರ ಜೊತೆ ಆಡುವ ಕಜಕಸ್ತಾನದವರು. ಪ್ರತಿಯೊಬ್ಬರ ಜೊತೆ ಅಲ್ಲೊಂದು, ಇಲ್ಲೊಂದು ಪಂದ್ಯ. ಮೊದಲ ಇಬ್ಬರು ಮುಂದೆ ಹೋಗುತ್ತಾರೆ. ಆ ಇಬ್ಬರಲ್ಲಿ ನಾವಿರುತ್ತೇವೆ ಎಂದು ನಮ್ಮ ಊರು ಕರಗಂಡದಲ್ಲಿ ಕುಡಿದವರೂ ಹೇಳುತ್ತಿಲ್ಲ.

ನನ್ನ ತಮ್ಮ ಮದಿಯಾರ್ ತಂಡದಲ್ಲಿದ್ದಾನೆ, ಹಿಂದಿನ ಸಾಲಿನ ರಕ್ಷಕ. ಅಪ್ಪ ಜನವರಿಯಲ್ಲಿ ತೀರಿಕೊಂಡ ಮೇಲೆ ಅವನಾಡುತ್ತಿರುವ ಮೊದಲ ಪಂದ್ಯ ಇದು.

ನಾನು ಫುಟ್‌ಬಾಲ್ ನೋಡುವವನಲ್ಲ. ಸುಮ್ಮನೆ ಬರೆದಿಟ್ಟೆ.

ಮಾರ್ಚ್ 24

ಬುಡಾಪೆಸ್ಟಿನಲ್ಲಿ ಹಂಗೇರಿಯ ಜೊತೆ ಆಟ ಶುರುವಾಗುವ ಹೊತ್ತಿಗೆ ಇಲ್ಲಿ ನಾನು ಮಲಗಿದ್ದೆ. ಬೆಳಿಗ್ಗೆ ಆಸ್ಪತ್ರೆಯಲ್ಲಿ ತಿಳಿಯಿತು: ಮೂರು ಸೊನ್ನೆ. ಸೋತರು.

ಎಕ್ಸ್-ರೇ ಕೋಣೆಯಲ್ಲಿ ನಾನು ಮತ್ತು ಜಿನಾಯ್ದಾ ಪಾವ್ಲೊವ್ನಾ. ಅವಳು ರೋಗಿಗಳನ್ನು ಒಳಗೆ ಕಳಿಸುತ್ತಾಳೆ, ನಾನು ಚಿತ್ರ ತೆಗೆಯುತ್ತೇನೆ. ರಷ್ಯದವಳು. ಮಾತಿಗೆ ತಡೆಯಿಲ್ಲ.

“ಸಪರ್ಗಲಿ, ನಿನ್ನ ಮಗ ರಾತ್ರಿ ಮೂರು ಗೋಲು ಬಿಟ್ಕೊಟ್ಟನಂತೆ.”

“ತಮ್ಮ.”

“ಸರಿಯಪ್ಪ, ತಮ್ಮ. ಆದ್ರೆ ನಾನಾಗ ಹೆರಿಗೆ ವಾರ್ಡಲ್ಲಿ ಕೆಲಸಕ್ಕಿದ್ದೆ, ಮರೀಬೇಡ. ಕಿಟಕಿ ಕೆಳಗೆ ಹಿಮದಲ್ಲಿ ನಿಂತ್ಕೊಂಡು ‘ಗೌಹರ್, ಒಂದ್ಸಲ ಎತ್ತಿ ತೋರಿಸೇ’ ಅಂತ ಊರಿಗೆಲ್ಲ ಕೇಳೋ ಹಾಗೆ ಕೂಗ್ತಿದ್ದೋನು ಯಾರು? ಮಗೂಗೆ ಅಣ್ಣನಾ?”

“ನಮ್ಮಲ್ಲಿ ಚೊಚ್ಚಲು ಅಜ್ಜ ಅಜ್ಜಿದು.”

“ಗೊತ್ತು, ಗೊತ್ತು. ನಿಮ್ಮ ಕುದುರೆ ಮಾಂಸ ಅರ್ಥ ಆಯ್ತು. ಹುಳಿ ಹಾಲೂ ಅರ್ಥ ಆಯ್ತು. ಇದೊಂದು ಆಗ್ಲಿಲ್ಲ ನೋಡು.”

ಅರ್ಥವಾಗುವುದಕ್ಕೆ ಅದರಲ್ಲಿ ಏನೂ ಇಲ್ಲ. ಮೊದಲ ಮಗುವನ್ನು ಅಜ್ಜ ಅಜ್ಜಿಯ ಮಡಿಲಿಗೆ ಹಾಕುತ್ತಾರೆ. ಮಗು ಅವರನ್ನು ಅಪ್ಪ, ಅವ್ವ ಎನ್ನುತ್ತದೆ. ಹೆತ್ತವರು ಅಣ್ಣ ಅತ್ತಿಗೆಯಾಗುತ್ತಾರೆ. ಮುಚ್ಚುಮರೆ ಏನಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ, ಮಗುವಿಗೂ. ಬಾಯಲ್ಲಿ ಹೇಳುವುದಿಲ್ಲ, ಅಷ್ಟೆ. ಹಿರಿಯರ ಎದುರು ಅದನ್ನು ಎತ್ತಿಕೊಳ್ಳುವುದಿಲ್ಲ, ಮುದ್ದಿಸುವುದಿಲ್ಲ. ಆಮೇಲೆ ಎರಡನೆಯದು, ಮೂರನೆಯದು ಹುಟ್ಟಿ ಮನೆ ತುಂಬುತ್ತದೆ, ಕೈಗೂ ಕೆಲಸವಾಗುತ್ತದೆ. ನನಗೂ ನನ್ನ ಹೆಂಡತಿ ಗೌಹರ್‌ಗೂ ತುಂಬಲಿಲ್ಲ. ಅದು ಪದ್ಧತಿಯ ತಪ್ಪಲ್ಲ.

ಏಪ್ರಿಲ್ 20

ಗೌಹರ್ ಹೋಗಿ ಇವತ್ತಿಗೆ ಆರು ವರ್ಷ. ಗೋರಿಯ ಹತ್ತಿರ ಹೋಗಿ ಬಂದೆ. ಗಾಳಿ.

ಅವಳನ್ನು ಮಣ್ಣು ಮಾಡಿದ ದಿನ ಮದಿಯಾರ್ ತರಬೇತಿ ಬಿಟ್ಟು ಬಂದಿದ್ದ. ಅತ್ತ. ಅತ್ತಿಗೆಗೆ ಎಷ್ಟು ಅಳಬೇಕೋ ಅಷ್ಟು ಅತ್ತ.

ಜೂನ್ 11

ನಿನ್ನೆ ಅಸ್ತಾನಾದಲ್ಲಿ ಆಲ್ಬೇನಿಯಾದ ಜೊತೆ ಒಂದು ಒಂದು. ಅವ್ವನ ಮನೆಯಲ್ಲಿ ನೋಡಿದೆ. ಅವಳ ಮನೆ ನಮ್ಮ ಬೀದಿಯಿಂದ ಎರಡು ನಿಲ್ದಾಣದಾಚೆ, ಐದನೆಯ ಮಹಡಿ. ಅಪ್ಪ ಹೋದ ಮೇಲೆ ನನ್ನಲ್ಲಿಗೆ ಬಾ ಎಂದಿದ್ದೆ. “ನಿನ್ನ ಮನೆ ಆಸ್ಪತ್ರೆ ಥರ ನಾರುತ್ತೆ,” ಅಂದಳು. ಅಲ್ಲಿಗೆ ಮಾತು ಮುಗಿಯಿತು.

ಬೌರ್ಸಾಕ್, ಹಿಟ್ಟಿನ ಉಂಡೆ, ಕರಿದಿದ್ದಳು. ಟಿ.ವಿ. ಗಟ್ಟಿಯಾಗಿ ಇಟ್ಟಿದ್ದಳು.

“ಯಾವನು ಅವನು, ಕೆಂಪು ಬಟ್ಟೆ? ನನ್ನ ಹುಡುಗನ ಕಾಲಿಗೇ ಬೀಳ್ತಾನಲ್ಲ ಬಂದು ಬಂದು.”

“ಆಲ್ಬೇನಿಯಾದೋನು.”

“ಅದು ಕಾಣುತ್ತೆ. ಯಾರ ಮನೆಯೋನು ಅಂತ.”

“ಹಾಗೆಲ್ಲ ಗೊತ್ತಾಗಲ್ಲವ್ವ.”

“ಮತ್ತೇನು ನೋಡ್ತೀಯ ಅಷ್ಟೊಂದು ಬಗ್ಗಿ?”

ನಾನು ಬಗ್ಗಿರಲಿಲ್ಲ. ಕುರ್ಚಿಯ ಕಾಲು ಸರಿಯಿಲ್ಲ.

ಮದಿಯಾರ್ ಒಮ್ಮೆ ಭುಜದ ಮೇಲೆ ಬಿದ್ದಾಗ ಅವ್ವ ಸದ್ದಿಲ್ಲದೆ ತನ್ನ ಎಡಭುಜ ಹಿಡಿದುಕೊಂಡಳು. ಅವನಿಗೆ ಒಂಬತ್ತು ವರ್ಷವಿದ್ದಾಗ ಮುರಿದದ್ದು ಅದೇ ಭುಜದೆಲುಬು. ಅವಳೇ ಎತ್ತಿಕೊಂಡು ಆಸ್ಪತ್ರೆಗೆ ಬಂದಿದ್ದಳು. ಚಿತ್ರ ತೆಗೆದವನು ನಾನು. ಗಾಜಿನ ಈಚೆಯಿಂದ “ಉಸಿರು ಹಿಡ್ಕೊ” ಅಂದೆ, ಹಿಡಿದ. “ಬಿಡು” ಅನ್ನುವುದು ಮರೆತುಹೋಯಿತು. ಹುಡುಗ ಕೆಂಪಾಗಿ, ಕಣ್ಣು ಅಗಲಿಸಿ, ನನ್ನನ್ನೇ ನೋಡುತ್ತ ನಿಂತಿದ್ದ. ಅವ್ವ ಬೈದಳು.

ಗುಂಪಿನಲ್ಲಿ ಈಗ ನಾಲ್ಕನೆಯವರು. ಲಕ್ಸೆಂಬರ್ಗಿಗೆ ಒಂದು ಅಂಕ ಹೆಚ್ಚು, ಆದರೆ ನಮಗಿಂತ ಒಂದು ಪಂದ್ಯ ಜಾಸ್ತಿ ಆಡಿದ್ದಾರೆ.

ಸೆಪ್ಟೆಂಬರ್ 8

ಸ್ವೀಡನ್ ಪಂದ್ಯಕ್ಕೆ ಅಸ್ತಾನಾಕ್ಕೆ ಹೋಗಿದ್ದೆ. ಅಲ್ಲಿ ಬೇರೆ ಕೆಲಸವೂ ಇತ್ತು. ಮದಿಯಾರ್‌ಗೆ ತಿಳಿಸಲಿಲ್ಲ. ತಿಳಿಸಿದರೆ ಅವನು ಟಿಕೆಟ್ಟು ಕಳಿಸಬೇಕು, ಆಮೇಲೆ ನಾನು ಹೋಗಿ ಕೈಕುಲುಕಬೇಕು. ಗೋಲಿನ ಹಿಂದೆ, ಮೇಲುಗಡೆ, ಛಾವಣಿಯ ಕಬ್ಬಿಣಕ್ಕೆ ಹತ್ತಿರ ಕೂತೆ. ಅಷ್ಟು ಎತ್ತರದಿಂದ ಮುಖ ಕಾಣುವುದಿಲ್ಲ. ನಡಿಗೆ ಕಾಣುತ್ತದೆ. ಗೌಹರ್ ಹೀಗೇ ಬಲಗಾಲನ್ನು ಸ್ವಲ್ಪ ಹೊರಕ್ಕೆ ಇಟ್ಟು ನಡೆಯುತ್ತಿದ್ದಳು.

ಕೊನೆಯ ನಿಮಿಷದವರೆಗೂ ಸೊನ್ನೆ ಸೊನ್ನೆ. ಸ್ವೀಡನ್ನಿನವರು ಮೂಲೆಯಿಂದ ಒದ್ದ ಚೆಂಡನ್ನು ಅವನು ಹಾರಿ ತಲೆಯಲ್ಲಿ ಹೊಡೆದ. ನಮ್ಮದೇ ಬಲೆಗೆ. ಅಷ್ಟು ಜನರಿದ್ದ ಕ್ರೀಡಾಂಗಣದಲ್ಲಿ ಬಲೆಯ ಸದ್ದು ಕೇಳಿಸಿದಂತಾಯಿತು. ಅದು ಸಾಧ್ಯವಿಲ್ಲ, ಗೊತ್ತು.

ಬೆಳಿಗ್ಗೆ ಹಂಚಿಕೆಯ ಕಾರಿನಲ್ಲಿ ಕರಗಂಡಕ್ಕೆ ಹೊರಟೆ. ಚಾಲಕ, ಹಿಂದೆ ನಾನು, ನನ್ನ ಪಕ್ಕ ಮೊಣಕಾಲ ಮೇಲೆ ಕಲ್ಲಂಗಡಿ ಇಟ್ಟುಕೊಂಡ ದಪ್ಪ ಗಂಡಸು. ಊರು ದಾಟುವ ಮೊದಲೇ ಶುರುವಾಯಿತು.

“ಸ್ವೀಡನ್ನಿಗೆ ಆಡೋಕೆ ಹನ್ನೊಂದು ಜನ ಸಾಕಾಗಲ್ಲ ಅಂತ ನಮ್ಮೋನೊಬ್ಬನ್ನ ಕೊಟ್ವಿ,” ಅಂದ ಚಾಲಕ.

“ಕುರಿ ತಲೆ ಬೇಯ್ಸಿ ಅತಿಥಿಗೆ ಕೊಡ್ತೀವಲ್ಲ, ಹಾಗೆ ತಲೆ ಕೊಟ್ಟ ಅವನು,” ಅಂದ ಕಲ್ಲಂಗಡಿ.

“ಯಾರ ಮಗ ಅವನು?”

“ಯಾರಿಗೊತ್ತು. ಕರಗಂಡದೋನಂತೆ. ಅಯ್ಯಾ, ನೀವೂ ಕರಗಂಡದೋರಲ್ವಾ? ಆ ಮದಿಯಾರ್ ಯಾರ ಮಗ?”

ರಸ್ತೆ ನೇರವಾಗಿತ್ತು. ಎರಡೂ ಕಡೆ ಕೊಯ್ದ ಹುಲ್ಲು. ಕಾರಿನಲ್ಲಿದ್ದವರು ಮತ್ತೆಂದೂ ನನ್ನನ್ನು ನೋಡುವವರಲ್ಲ. ಏನು ಬೇಕಾದರೂ ಹೇಳಬಹುದಿತ್ತು.

“ಓರಜ್‌ಬಾಯ್ ಅಂತ,” ಅಂದೆ. “ರೈಲ್ವೆಯಲ್ಲಿದ್ದರು. ಚಳಿಗಾಲದಲ್ಲಿ ತೀರ್ಕೊಂಡ್ರು.”

“ನಿಮಗೇನಾಗ್ಬೇಕು?”

“ನನ್ನ ತಮ್ಮ ಅವನು.”

ಚಾಲಕ ಕನ್ನಡಿಯಲ್ಲಿ ನೋಡಿ ರೇಡಿಯೋ ಹಾಕಿದ. ದಪ್ಪನೆಯವನು ಸ್ವಲ್ಪ ಹೊತ್ತು ಕಲ್ಲಂಗಡಿಯ ಮೇಲೆ ಬೆರಳಾಡಿಸುತ್ತಿದ್ದು, ಜೇಬಿನಿಂದ ಒಣಮೊಸರಿನ ಉಂಡೆ ತೆಗೆದು ನನ್ನ ಅಂಗೈಯಲ್ಲಿಟ್ಟ. “ಬೇರೆ ಯಾರೂ ಹಾರಲೇ ಇಲ್ಲ,” ಅಂದ. “ಹಾರಿದೋನು ಅವನೊಬ್ಬನೇ. ಅದನ್ನೂ ಹೇಳ್ಬೇಕಲ್ಲ.”

ಉಂಡೆ ತುಂಬ ಉಪ್ಪಾಗಿತ್ತು. ಕರಗಂಡ ಬರುವವರೆಗೂ ಬಾಯಲ್ಲಿತ್ತು.

ಸೆಪ್ಟೆಂಬರ್ 9

ಅವನಿಗೊಂದು ಸಂದೇಶ ಬರೆದೆ. ಅಳಿಸಿದೆ. ಇನ್ನೊಂದು ಬರೆದೆ, ಅದನ್ನೂ ಅಳಿಸಿದೆ. ಕೊನೆಗೆ “ಊಟ ಆಯ್ತಾ?” ಎಂದು ಕಳಿಸಿದೆ.

“ಆಯ್ತು ಅಣ್ಣ.”

ಅಪ್ಪನಿದ್ದಿದ್ದರೆ ಅವನು ಅಪ್ಪನಿಗೆ ಫೋನು ಮಾಡುತ್ತಿದ್ದ. ಸೋತ ದಿನಗಳಲ್ಲಿ ಇಬ್ಬರೂ ಬಹಳ ಹೊತ್ತು ಮಾತಾಡುತ್ತಿದ್ದರಂತೆ, ಹೆಚ್ಚಾಗಿ ಕುದುರೆಗಳ ಬಗ್ಗೆ. ನನಗೆ ಕುದುರೆಗಳ ಬಗ್ಗೆ ಏನೂ ತಿಳಿಯದು.

ಅಕ್ಟೋಬರ್ 15

ಜಿನಾಯ್ದಾ ಪತ್ರಿಕೆ ತಂದು ನನ್ನ ಮೇಜಿನ ಮೇಲೆ ಹರಡಿದಳು. ನವೆಂಬರ್ 16ರಂದು ಲಕ್ಸೆಂಬರ್ಗ್ ಜೊತೆಗಿನ ಪಂದ್ಯ ಈ ಗುಂಪಿನಲ್ಲಿ ತವರಿನ ಕೊನೆಯದು. ಗೆದ್ದರೂ ಮೂರನೆಯ ಸ್ಥಾನ, ಅದಕ್ಕಿಂತ ಮೇಲಿಲ್ಲ. ಜನ ಬರಲಿ ಅಂತ ಇರಬೇಕು, ತಂಡದವರು ಒಂದು ಏರ್ಪಾಡು ಮಾಡಿದ್ದಾರೆ. ಅಂದು ಆಟಗಾರರು ತಮ್ಮ ತಮ್ಮ ತಂದೆಯ ಜೊತೆ ಮೈದಾನಕ್ಕೆ ಬರುತ್ತಾರೆ. ತಂದೆ ನಮ್ಮ ಪದ್ಧತಿಯಂತೆ ಮಗನ ಹಣೆ ಮೂಸಿ, ಹರಸಿ, ಆಟಕ್ಕೆ ಬಿಟ್ಟುಕೊಡುತ್ತಾನೆ.

“ಹೊಸ ಕೋಟು ತಗೋ,” ಅಂದಳು ಜಿನಾಯ್ದಾ. “ಇದನ್ನ ಹಾಕ್ಕೊಂಡು ಹೋದ್ರೆ ದೀಪ ಸರಿ ಮಾಡೋಕೆ ಬಂದೋನು ಅಂದ್ಕೋತಾರೆ.”

“ನನ್ನನ್ಯಾಕೆ ಕರೀತಾನೆ? ಅವನ ತಂದೆ ಇಲ್ಲ.”

ಅವಳು ಏನೋ ಹೇಳಲು ಬಾಯಿ ತೆರೆದಳು. ಆಗಲೇ ಮಣಿಕಟ್ಟು ಮುರಿದುಕೊಂಡ ಒಬ್ಬ ಬಂದ.

ಅಕ್ಟೋಬರ್ 17

ಫೋನು ಬರಲಿಲ್ಲ. ಬರಬೇಕೆಂದೇನಿಲ್ಲ.

ಅಕ್ಟೋಬರ್ 18

ತಂದೆ ಇಲ್ಲದ ಬೇರೆ ಆಟಗಾರರೂ ಇರುತ್ತಾರೆ. ಅವರು ತರಬೇತುದಾರನ ಜೊತೆ ನಡೆಯಬಹುದು. ಒಬ್ಬರೇ ನಡೆಯಲೂಬಹುದು, ಅದೂ ಚೆನ್ನಾಗಿಯೇ ಕಾಣುತ್ತದೆ.

ಅಕ್ಟೋಬರ್ 22

ಕ್ಷೌರ. ಕೋಟು ಕೊಂಡೆ. ಹಳೆಯದರ ಒಳಬಟ್ಟೆ ಹರಿದಿತ್ತು, ಹೇಗೂ ಕೊಳ್ಳಬೇಕಿತ್ತು.

ಅಕ್ಟೋಬರ್ 27

ಮದಿಯಾರ್ ಫೋನು ಮಾಡಿ ಕರೆದ. ನಾನು ಮೀನು ಹುರಿಯುತ್ತಿದ್ದೆ.

“ಅಣ್ಣ, ಹೇಗಿದೀಯ?”

“ಇದೀನಿ. ನೀನು?”

“ಇದೀನಿ. ಕಾಲು ಪರವಾಗಿಲ್ಲ. ಅವ್ವ?”

“ಬೈತಾಳೆ.”

“ಹಾಗಾದ್ರೆ ಚೆನ್ನಾಗಿದಾಳೆ.” ನಕ್ಕ. ಹಿಂದೆ ಯಾರೋ ಚೆಂಡನ್ನು ಗೋಡೆಗೆ ಒದೆಯುತ್ತಿದ್ದರು. “ಅಣ್ಣ, ಹದಿನಾರಕ್ಕೆ ಅಪ್ಪಂದಿರನ್ನ ಕರೀತಿದಾರಲ್ಲ. ಅವ್ವನ್ನ ಕೇಳಿದೆ. ನನ್ನ ಮೊಣಕಾಲು ಆಗಲ್ಲ, ಅಣ್ಣನ್ನ ಕರಿ ಅಂದ್ಲು. ಅಪ್ಪನ ಬದಲಿಗೆ ನೀನು ಬರ್ತೀಯಾ?”

ಅವ್ವನನ್ನು ಮೊದಲು ಕೇಳಿದ್ದಾನೆ. ಕೇಳಬೇಕಾದದ್ದೇ.

“ರಜೆ ಕೇಳ್ಬೇಕು,” ಅಂದೆ.

“ಕಷ್ಟ ಆದ್ರೆ ಬೇಡ.”

“ಕೇಳ್ತೀನಿ ಅಂದ್ನಲ್ಲ.”

“ಸರಿ ಅಣ್ಣ.”

ಮೀನು ಒಂದು ಕಡೆ ಸೀದಿತ್ತು. ಪೂರ್ತಿ ತಿಂದೆ.

ನವೆಂಬರ್ 9

ಅವ್ವ ಬೀರುವಿನಿಂದ ಅಪ್ಪನ ನರಿತುಪ್ಪಳದ ಟೋಪಿ ತೆಗೆದು ನನ್ನ ತಲೆಯ ಮೇಲಿಟ್ಟಳು. ಸಡಿಲ. ಒಳಗೆ ಪತ್ರಿಕೆ ಮಡಿಸಿಟ್ಟಳು, ಸರಿಯಾಯಿತು.

“ನಿಮ್ಮಪ್ಪನ ತಲೆ ದೊಡ್ಡದು,” ಅಂದಳು. “ಕೂತ್ಕೋ, ಚಹಾ ಕುಡಿ.”

ಕುಡಿದೆವು. ಎಂದಿನಂತೆ ಅರ್ಧ ಬಟ್ಟಲು ಮಾತ್ರ ಹಾಕುತ್ತ ಹೋದಳು. ಅರ್ಧ ಹಾಕಿದರೆ ಅತಿಥಿ ಇನ್ನೂ ಇರಲಿ ಎಂದು. ನಾಲ್ಕನೆಯದೋ ಐದನೆಯದೋ ಹಾಕುವಾಗ, ಕೈಯ ಕಡೆಯೇ ನೋಡುತ್ತ ಹೇಳಿದಳು:

“ನಿಂಗೆ ಇನ್ನು ಮಕ್ಕಳಾಗಲ್ಲ ಅಂತ ಡಾಕ್ಟ್ರು ಹೇಳಿದಾಗ ಹುಡುಗನಿಗೆ ಐದು ವರ್ಷ. ಗೌಹರ್ ಬಂದು ಅವನ್ನ ವಾಪಸ್ ಕೇಳ್ತಾಳೆ ಅಂತ ಕಾದೆ. ನಿಮ್ಮಪ್ಪನೂ ಕಾದ. ಅವನು ಹುಡುಗನ ಬಟ್ಟೇನೂ ಮಡಿಸಿಟ್ಟಿದ್ದ ಒಂದಿನ. ಅವಳು ಬಂದ್ಲು, ನೆಲ ಒರೆಸಿದ್ಲು, ರೊಟ್ಟಿ ಹಾಕಿದ್ಲು, ಹೋದ್ಲು. ಕೇಳ್ಲಿಲ್ಲ.”

“ಕೇಳೋ ಪದ್ಧತಿ ಇಲ್ವಲ್ಲವ್ವ.”

“ಇಲ್ಲ.” ಬಟ್ಟಲು ನನ್ನ ಕಡೆ ಸರಿಸಿದಳು. “ಕೇಳದೆ ಕೊಡೋ ಪದ್ಧತೀನೂ ಇಲ್ಲ.”

ನಾನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡಿದ್ದೆ. ಅದನ್ನು ಸವರುತ್ತ ಕೂತೆ. ಅವ್ವ ಟಿ.ವಿ. ಹಾಕಿದಳು, ಯಾರೋ ಕುಂಬಳದ ಅಡುಗೆ ಹೇಳಿಕೊಡುತ್ತಿದ್ದರು. ಇಬ್ಬರೂ ಕೊನೆಯವರೆಗೂ ನೋಡಿದೆವು.

ಹಿಂದಿರುಗುವಾಗ ಬಸ್ಸು ಹತ್ತಲಿಲ್ಲ. ನಡೆದೆ. ಯಾರ ಮೇಲೆ ಸಿಟ್ಟು ಬರಬೇಕೆಂದು ತಿಳಿಯದೆ ನಡೆದರೆ ಎರಡು ನಿಲ್ದಾಣ ತುಂಬ ದೂರ.

ನವೆಂಬರ್ 17

ಗೆದ್ದೆವು. ಒಂದು ಸೊನ್ನೆ. ಗುಂಪಿನಲ್ಲಿ ಮೂರನೆಯವರು. ಅದನ್ನು ಮೊದಲು ಬರೆದುಬಿಡುತ್ತೇನೆ.

ಸುರಂಗದಂಥ ಓಣಿಯಲ್ಲಿ ನಮ್ಮನ್ನು ಗೋಡೆಗೆ ಸಾಲಾಗಿ ನಿಲ್ಲಿಸಿದರು. ಮುದುಕರೆಲ್ಲ ಹೊಸ ಬೂಟು ಹಾಕಿಕೊಂಡು ಬಂದಿದ್ದರು, ಯಾರ ಕಾಲಿಗೂ ಒಗ್ಗಿರಲಿಲ್ಲ. ನನ್ನ ಮುಂದೆ ಶಿಮ್ಕೆಂತ್‌ನ ಒಬ್ಬರು, ಗೋಲ್‌ಕೀಪರನ ತಂದೆ, ಬೆಸಿನ್ಬಾಯ್ ಅಂತ. ಸಿಕ್ಕವರಿಗೆಲ್ಲ ಒಣದ್ರಾಕ್ಷಿ ಹಂಚುತ್ತಿದ್ದರು. ಲಕ್ಸೆಂಬರ್ಗಿನ ಆಟಗಾರನೊಬ್ಬನಿಗೂ ಕೊಟ್ಟರು, ಅವನೂ ತಿಂದ.

“ನಿಮ್ಮೋನು ಯಾವನು?” ಅಂತ ಕೇಳಿದರು.

“ಆ ಎತ್ತರದೋನು. ನಾಲ್ಕನೇ ನಂಬರು. ನಾನು ಅವನ ಅಣ್ಣ. ತಂದೆ ಇಲ್ಲ.”

ಅವರು ಅವನ ಕಡೆ ನೋಡಿದರು, ನನ್ನ ಕಡೆ ನೋಡಿದರು. “ಕಿವಿ ಒಂದೇ ಅಚ್ಚು,” ಅಂದರು. ಆಮೇಲೆ ಅವರಿಗೇ ಹೊಳೆದಿರಬೇಕು, ದನಿ ತಗ್ಗಿಸಿದರು. “ಓ. ಚೊಚ್ಚಲಾ? ನಮ್ಮ ದೊಡ್ಡೋನೂ ನನ್ನವ್ವನ ಹತ್ರಾನೇ ಬೆಳೆದ. ಇವನು ನನ್ನ ಎರಡನೆಯೋನು. ಹೋಗ್ಲಿ, ಉಳಿದೋರು ಇರ್ತಾರಲ್ಲ.”

“ಹೌದು,” ಅಂದೆ.

ಮದಿಯಾರ್ ಬಂದು ಪಕ್ಕದಲ್ಲಿ ನಿಂತ. ನನಗಿಂತ ಒಂದು ಗೇಣು ಎತ್ತರ. ಟೋಪಿಯನ್ನೊಮ್ಮೆ ನೋಡಿದ. ಅವನ ಕೈ ಒದ್ದೆಯಾಗಿತ್ತು. ಅಥವಾ ನನ್ನದು.

ಹೊರಗೆ ಬೆಳಕು ಹೆಚ್ಚು. ಗೆರೆಯ ಮೇಲೆ ಜೋಡಿ ಜೋಡಿಯಾಗಿ ನಿಂತೆವು. ಧ್ವನಿವರ್ಧಕ ಒಬ್ಬೊಬ್ಬರ ಹೆಸರು ಕೂಗುತ್ತಿತ್ತು, ಮಗನದು, ಆಮೇಲೆ ತಂದೆಯದು. ಹೆಸರು ಬಂದ ತಂದೆ ಕೈಯೆತ್ತುವುದು, ಜನ ಚಪ್ಪಾಳೆ ತಟ್ಟುವುದು. ನಮ್ಮ ಸರದಿ ಬಂತು.

“ಮದಿಯಾರ್! ತಂದೆ ಓರಜ್‌ಬಾಯ್!”

ಅವರಿಗೆ ತಿಳಿಸಿದವರಿಲ್ಲವೋ, ತಿಳಿಸಿದ್ದನ್ನು ತಿದ್ದಿದವರಿಲ್ಲವೋ. ಹತ್ತು ತಿಂಗಳ ಹಿಂದೆ ಮಣ್ಣು ಮಾಡಿದವನನ್ನು ಇಡೀ ಕ್ರೀಡಾಂಗಣ ಕಾಯುತ್ತಿತ್ತು. ನಾನು ಕೈಯೆತ್ತಿದೆ. ಚಪ್ಪಾಳೆ ತಟ್ಟಿದರು.

ಆಮೇಲೆ ಹಣೆ. ತಂದೆಯರೆಲ್ಲ ಮಕ್ಕಳ ಕಡೆ ತಿರುಗಿದರು. ಇದನ್ನು ನಾನು ಎಂದೂ ಮಾಡಿದವನಲ್ಲ. ಹಿರಿಯರಿದ್ದರು, ಪದ್ಧತಿ ಇತ್ತು. ಅವನು ತಲೆ ಬಗ್ಗಿಸಿದ. ನಾನು ಟೋಪಿ ಹಿಂದಕ್ಕೆ ಸರಿಸಿ, ಹಣೆಗೆ ಮೂಗು ಹಚ್ಚಿ ಉಸಿರೆಳೆದೆ. ನೋವಿನ ಮುಲಾಮು, ಸೋಪು, ಅದರ ಕೆಳಗೆ ಬೇರೊಂದು. ಅದಕ್ಕೆ ಹೆಸರಿಲ್ಲ. ಅಂಗೈ ಬಿಚ್ಚಿ ಹರಸುವ ಮಾತು ಹೇಳಬೇಕಿತ್ತು, ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದೆ. ಒಂದೂ ಬರಲಿಲ್ಲ. “ಹುಷಾರು” ಅಂದೆ.

ಹಿಂದೆ ಸರಿಯಲು ಹೊರಟೆ. ಅವನು ತಲೆ ಎತ್ತಲಿಲ್ಲ.

“ಅಣ್ಣ, ಇನ್ನೊಂದ್ಸಲ.”

“ಯಾಕೆ?”

“ಕ್ಯಾಮೆರಾದೋನಿಗೆ ಸಿಗ್ಲಿಲ್ವಂತೆ.”

ಇನ್ನೊಮ್ಮೆ ಮೂಸಿದೆ. ಸುತ್ತ ನೋಡಿದರೆ ಕ್ಯಾಮೆರಾ ಯಾವುದೂ ಇರಲಿಲ್ಲ. ಅದನ್ನು ಹೊತ್ತವರು ಆಗಲೇ ಸಾಲಿನ ಆ ತುದಿಗೆ ಹೋಗಿದ್ದರು. ಈಗಿನವು ದೂರದಿಂದಲೂ ತೆಗೆಯುತ್ತವಂತೆ.

ಆಟ ನೋಡಿದೆ ಎನ್ನಲಾರೆ. ಬೆಸಿನ್ಬಾಯ್ ಪಕ್ಕದಲ್ಲಿ ಕೂತು ಇಡೀ ಹೊತ್ತು ಲಕ್ಸೆಂಬರ್ಗಿನವರನ್ನು ಬೈಯುತ್ತಿದ್ದರು. ದ್ರಾಕ್ಷಿ ತಿಂದವನನ್ನು ಮಾತ್ರ ಬಿಟ್ಟರು. ಮಗ, ಆ ನಾಲ್ಕನೇ ನಂಬರಿನವನು, ಎರಡು ಸಲ ತಲೆಯಲ್ಲಿ ಚೆಂಡು ಹೊಡೆದ, ಎರಡೂ ಸಲ ಸರಿಯಾದ ದಿಕ್ಕಿಗೆ ಹೋಯಿತು. ಮುಗಿದ ಮೇಲೆ ಬಸ್ಸಿನ ಬಾಗಿಲಲ್ಲಿ ಸಿಕ್ಕಿ, “ಅಪ್ಪನ ಬದಲಿಗೆ ಬಂದೆಯಲ್ಲ ಅಣ್ಣ, ಒಳ್ಳೇದಾಯ್ತು,” ಅಂದ. “ರಜೆ ಸಿಕ್ತು,” ಅಂದೆ.

ಇವತ್ತು ರಜೆಯ ಎರಡನೆಯ ದಿನ. ಮಧ್ಯಾಹ್ನದಿಂದ ಹಿಮ ಬೀಳುತ್ತಿದೆ. ಕೋಟು ಕುರ್ಚಿಯ ಮೇಲಿದೆ, ಟೋಪಿಯನ್ನು ಅವ್ವನಿಗೆ ಇನ್ನೂ ಕೊಟ್ಟಿಲ್ಲ. ನನ್ನದಲ್ಲದ ಹೆಸರಿಗೆ ಕೈಯೆತ್ತಿದ್ದು ಎಷ್ಟು ಸುಲಭವಾಗಿತ್ತು ಎಂದು ಬೆಳಿಗ್ಗೆಯಿಂದ ಯೋಚಿಸುತ್ತಿದ್ದೇನೆ. ಎತ್ತಿದ ಮೇಲೆ ಇಳಿಸುವುದು ಹೇಗೆಂದು ತಿಳಿಯಲಿಲ್ಲ. ಆ ಹೆಸರಿನವನೇ ನೋಡಿಬಿಟ್ಟನೇನೋ ಎಂಬಂತೆ ಸುತ್ತ ನೋಡಿದೆ.

ಅಪ್ಪ, ಅವನು ಮೊಟ್ಟಮೊದಲು ನಿನ್ನನ್ನು ‘ಅಪ್ಪ’ ಅಂತ ಕರೆದ ದಿನ ನೀನು ಓಗೊಡುವ ಮುಂಚೆ ಒಮ್ಮೆ ಬಾಗಿಲ ಕಡೆ ನೋಡಿದೆಯಾ, ನಾನೇನಾದರೂ ಅಲ್ಲಿ ನಿಂತಿದ್ದೇನೋ ಅಂತ?